ಅಪ್ಪ ಕಿವಿ ಬದಲಿಸಿದಾಗ

ಸದಾ ಎಡಗಿವಿಗೇ ಫೋನು ಹಿಡಿಯುತ್ತಿದ್ದ ಅಪ್ಪ ಬಲಗಿವಿಗೆ ಬದಲಿಸಿದ್ದನ್ನು ಮೊದಲು ಗಮನಿಸಿದವಳು ಒಂಬತ್ತನೇ ತರಗತಿಯ ಮಗಳು. ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಬೇರೆ. 'ವಯಸ್ಸಾಯ್ತಲ್ಲ ಪುಟ್ಟಿ' ಎಂದು ಅವರು ನಕ್ಕರು. ಆದರೆ ವಯಸ್ಸು ಸಾಮಾನ್ಯವಾಗಿ ಎರಡೂ ಕಿವಿಗಳನ್ನು ಮಂದ ಮಾಡುತ್ತದೆ. ಒಂದೇ ಕಿವಿ ಮಂದವಾದರೆ ಪರೀಕ್ಷಿಸಲೇಬೇಕು. ಎಂ.ಆರ್.ಐ. ಮಾಡಿಸಿದಾಗ ಕಿವಿಯಿಂದ ಮಿದುಳಿಗೆ ಹೋಗುವ ನರದಲ್ಲಿ ಪುಟ್ಟ ಗಡ್ಡೆ ಕಂಡಿತು. ಹೆಸರು ಶ್ವಾನೋಮ.

ಗಡ್ಡೆ ಎಂದೊಡನೆ ಅಮ್ಮನಿಗೆ ಕಣ್ಣು ಕತ್ತಲಿಟ್ಟಿತು. ಮಗಳಿಗೆ ಮಾತ್ರ ಆ ಹೆಸರು ಎಲ್ಲೋ ಓದಿದಂತಿತ್ತು. ಹೌದು, ಜೀವಕೋಶ ಸಿದ್ಧಾಂತದ ಥಿಯೋಡರ್ ಶ್ವಾನ್! ಪ್ರಾಣಿಗಳ ದೇಹವೂ ಕೋಶಗಳಿಂದಲೇ ಆದದ್ದೆಂದು 1839ರಲ್ಲಿ ಸಾರಿದ ಜರ್ಮನ್ ವಿಜ್ಞಾನಿ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಇದ್ದಂತೆ ನರತಂತುಗಳಿಗೆ ಹೊದಿಕೆಯಾಗುವ ಕೋಶಗಳಿಗೆ ಅವನದೇ ಹೆಸರು. ಅವು ಅಂಕೆ ಮೀರಿ ಬೆಳೆದರೆ ಶ್ವಾನೋಮ.

ವೈದ್ಯರು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಇದು ಕ್ಯಾನ್ಸರ್ ಅಲ್ಲ, ಬೇರೆಡೆಗೆ ಹರಡುವುದಿಲ್ಲ. ತನ್ನದೇ ಪೊರೆಯೊಳಗೆ ಬೆಳೆಯುತ್ತ ನರವನ್ನು ಪಕ್ಕಕ್ಕೆ ಒತ್ತುತ್ತದೆ. ಇದರ ದಾಯಾದಿ ನ್ಯೂರೋಫೈಬ್ರೋಮವೋ ನರತಂತುಗಳ ನಡುವೆಯೇ ಹೆಣೆದುಕೊಳ್ಳುತ್ತದೆ. ನರಕ್ಕೆ ಪೆಟ್ಟಾಗದಂತೆ ಅದನ್ನು ಬಿಡಿಸುವುದು ಹೆಚ್ಚು ಕಷ್ಟ.

ಹಾಗೆಂದು ಅಸಡ್ಡೆ ಸಲ್ಲದು. ಕಿವಿಯ ಗಡ್ಡೆ ದೊಡ್ಡದಾದರೆ ಮಿದುಳಿನ ಕಾಂಡವನ್ನೇ ಒತ್ತೀತು. ಸಣ್ಣದಿದ್ದರೆ ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾಯಬಹುದು. ಬೆಳೆದರೆ ವಿಕಿರಣ ಅಥವಾ ಶಸ್ತ್ರಚಿಕಿತ್ಸೆ. ಕಳೆದುಹೋದ ಶ್ರವಣ ಮರಳುವುದು ಮಾತ್ರ ಅಪರೂಪ.

ಅಪ್ಪ ಸದ್ಯ ಕಾಯುವವರ ಸಾಲಿನಲ್ಲಿದ್ದಾರೆ. ಮಗಳು ಈಗ ಊಟಕ್ಕೆ ಅವರ ಬಲಬದಿಗೇ ಕೂರುತ್ತಾಳೆ.