ಶ್ರೀರಂಗಪಟ್ಟಣದ ಗೋಡೆ, ಚಿಂತಾಕಿಯ ಭಾವಚಿತ್ರ

ಬೀದರ ಜಿಲ್ಲೆಯ ಔರಾದ ತಾಲೂಕು ನಮ್ಮ ರಾಜ್ಯದ ಉತ್ತರದ ತುತ್ತತುದಿ. ಆ ತಾಲೂಕಿನ ಚಿಂತಾಕಿಯಿಂದ ನಾವು ಮನೆಮಂದಿಯೆಲ್ಲರೂ, ಎಪ್ಪತ್ತು ದಾಟಿದ ಆಯಿಯನ್ನೂ ಕರೆದುಕೊಂಡು, ಒಮ್ಮೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು.

ಟೀಪೂ ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಡುಗೋಡೆಯ ಮೇಲೆ ಪೊಳ್ಳಿಲೂರಿನ ಕಾಳಗದ ವರ್ಣಚಿತ್ರವಿದೆ. ಕಂಚಿಯ ಸಮೀಪದ ಆ ಊರಿನಲ್ಲಿ 1780ರ ಸೆಪ್ಟೆಂಬರ್ 10ರಂದು ಹೈದರಾಲಿ ಮತ್ತು ಟೀಪೂ, ಕರ್ನಲ್ ಬೇಯ್ಲಿಯ ಕಂಪನಿ ಪಡೆಯನ್ನು ಸೋಲಿಸಿದರು. ಚಿತ್ರದಲ್ಲಿ ಹೈದರ, ಟೀಪೂ, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ ಇವರನ್ನು ಗುರುತಿಸಬಹುದು. ಉಳಿದ ಯೋಧರು ಸಾಲುಸಾಲಾಗಿ, ಅಚ್ಚೊತ್ತಿದಂತೆ ನಿಂತಿದ್ದಾರೆ. ಬೇಯ್ಲಿಯ ಪಡೆಯಲ್ಲಿಯೂ ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳೇ. ಆಯಿ ಬಹಳ ಹೊತ್ತು ನೋಡಿ, “ಎಲ್ಲಾರ ಮಾರಿನೂ ಒಂದೇ ನಮೂನಿ ಅದಾವಲ್ಲ, ಇವರ ಅವ್ವಂದಿರು ಹೆಂಗ ಗುರ್ತಾ ಹಿಡೀಬೇಕು?” ಎಂದರು.

ಆ ಮಾತು ನಮ್ಮನ್ನು ಚಿಂತನೆಗೆ ಹಚ್ಚಿತು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕಿರುಭಾವಚಿತ್ರಗಳ ಕಲೆ ಉನ್ನತಿಗೇರಿತ್ತು. ದಂತದ ತೆಳು ಬಿಲ್ಲೆಯ ಮೇಲೆ ನೀರುಬಣ್ಣದ ಸಣ್ಣ ಚುಕ್ಕೆ, ಗೆರೆಗಳಿಂದ ಎರಡು ಮೂರು ಅಂಗುಲದ ಮುಖವನ್ನು ಬರೆಯುತ್ತಿದ್ದರು. ಅನೇಕ ವೇಳೆ ಅದಕ್ಕೆ ಚಿನ್ನದ ಕಟ್ಟು, ಬೆನ್ನಿಗೆ ಆ ವ್ಯಕ್ತಿಯ ಕೂದಲೆಳೆ. ಮನೆಯವರು ಅದನ್ನು ಪದಕದಂತೆ ಧರಿಸುತ್ತಿದ್ದರು. ಮೂರನೆಯ ಜಾರ್ಜ್ ದೊರೆಯ ಮಕ್ಕಳೂ ಸಮವಸ್ತ್ರ ತೊಟ್ಟು ಇಂಥ ಚಿತ್ರ ಬರೆಯಿಸಿಕೊಂಡರು. ಹಿರಿಯ ಮಗನು 1793ರಲ್ಲಿ ಹತ್ತನೆಯ ಅಶ್ವದಳದ ಕರ್ನಲ್ ಕಮಾಂಡೆಂಟ್ ಆದನು. ಎರಡನೆಯವನಾದ ಯಾರ್ಕಿನ ಡ್ಯೂಕ್ ಫ್ರೆಡರಿಕನು 1795ರಲ್ಲಿ ಸೇನೆಯ ಮುಖ್ಯಸ್ಥನಾದನು. ರಿಚರ್ಡ್ ಕಾಸ್ವೇ ಯುವರಾಜನ ಚಿತ್ರಕಾರನಾಗಿದ್ದನು. ಜಾನ್ ಸ್ಮಾರ್ಟ್ ಎಂಬ ಇನ್ನೊಬ್ಬ ಕಲಾವಿದನು 1785ರಿಂದ 1795ರವರೆಗೆ ಮದರಾಸಿನಲ್ಲಿಯೇ ನೆಲೆಸಿ ಇಂಥ ಚಿತ್ರಗಳನ್ನು ಬರೆದನು. ಹೀಗೆ ಹಣವುಳ್ಳವರ ಮುಖಗಳು ಉಳಿದವು; ಸಿಪಾಯಿಗಳ ಮುಖಗಳು ಅವರ ತಾಯಂದಿರ ಕಣ್ಣಿನೊಡನೆಯೇ ಮುಚ್ಚಿಹೋದವು. 1839ರಲ್ಲಿ ಛಾಯಾಚಿತ್ರದ ವಿಧಾನ ಲೋಕಕ್ಕೆ ತಿಳಿದು, ಕ್ರಮೇಣ ಬಡವನ ಮುಖಕ್ಕೂ ಒಂದು ಕಾಗದ ದೊರೆಯಿತು.

ಊರಿಗೆ ಮರಳಿದ ಮೇಲೆ ಆಯಿ ತಮ್ಮ ಪೆಟ್ಟಿಗೆಯಿಂದ ಹೆಬ್ಬೆರಳಗಲದ ಒಂದು ಭಾವಚಿತ್ರವನ್ನು ತೆಗೆದರು. 1971ರ ಯುದ್ಧಕ್ಕೆ ಹೋಗಿ ಮರಳದ ಅವರ ತಮ್ಮನದು. ಹಿಂಬದಿಯಲ್ಲಿ ಹೆಸರಿಲ್ಲ, ಇಸವಿಯಿಲ್ಲ. ಅವನ ಮುಖ ಬಲ್ಲವರು ಮನೆಯಲ್ಲಿ ಅವರೊಬ್ಬರೇ. ಅಂದೇ ಆಯಿ ಹೇಳಿದಂತೆ ಹೆಸರು, ಊರು, ಇಸವಿಗಳನ್ನು ನಾವು ಸೀಸದಕಡ್ಡಿಯಿಂದ ಹಗುರವಾಗಿ ಬರೆದಿಟ್ಟೆವು.

ವಾಚಕ ಬಂಧುಗಳ ಮನೆಗಳಲ್ಲಿಯೂ ಇಂಥ ಚಿತ್ರಗಳಿರಬಹುದು. ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕೆಂದು ನಮ್ಮ ವಿನಂತಿ.