ಗಡುವು ಇರುವ ಸರ್ಟಿಫಿಕೇಟು

ನನ್ನ ಬಿ.ಎಡ್. ಸರ್ಟಿಫಿಕೇಟು ಅಮ್ಮನ ಹಳೆಯ ಟ್ರಂಕಿನಲ್ಲಿದೆ, ಅವಳ ಧಾರೆ ಸೀರೆಯ ಅಡಿಯಲ್ಲಿ. ಕೆಲಸಕ್ಕೆ ಸೇರುವಾಗ ಒಮ್ಮೆ, ಬಡ್ತಿಯ ಕಾಗದ ಪತ್ರ ಕೇಳಿದಾಗ ಒಮ್ಮೆ, ಎರಡೇ ಸಲ ಅದು ಹೊರಗೆ ಬಂದಿದ್ದು. ಅದನ್ನು ಒಳಗಿಡುವಾಗ ಅಪ್ಪ ಹೇಳಿದ್ದರು: "ಇನ್ನು ನಿಶ್ಚಿಂತೆ ಬಿಡು. ಒಂದು ಸಲ ಪಾಸಾದವರು ಸಾಯೋ ತನಕ ಪಾಸಾದವರೇ." ಆ ಮಾತನ್ನು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಆದ್ದರಿಂದಲೇ ನನ್ನ ತಮ್ಮ 2014ರಲ್ಲಿ ಒಂದು ಸರ್ಟಿಫಿಕೇಟು ತಂದು ತೋರಿಸಿದಾಗ ನನಗೆ ನಗು ಬಂತು. ಅದರ ಮೇಲೆ ಅವನ ಹೆಸರು, ಅಂಕ, ಎಲ್ಲ ಇತ್ತು. ಜೊತೆಗೆ ಇಂಥ ತಾರೀಖಿನವರೆಗೆ ಮಾತ್ರ ಇದು ನಡೆಯುತ್ತದೆ ಎಂದೂ ಇತ್ತು. "ಇದೇನೋ ಪುಟ್ಟಾ, ಹಾಲಿನ ಪ್ಯಾಕೆಟ್ಟಿನ ಮೇಲೆ ಹಾಕಿದ ಹಾಗೆ ಡೇಟು ಹಾಕವ್ರಲ್ಲ! ಮೂರು ವರ್ಷ ಆದ ಮೇಲೆ ನಿನ್ನ ಓದು ಹುಳಿಯಾಗ್ತದಾ?" ಎಂದೆ. ಅವನೂ ನಕ್ಕ. ಒಂಬತ್ತು ವರ್ಷ ಕಳೆದ ಮೇಲೆ ನಾವಿಬ್ಬರೂ ನಗಲಿಲ್ಲ.

ಅವನ ವಿಷಯ ಸ್ವಲ್ಪ ಹೇಳಬೇಕು. ನಾನು ಕೊಳ್ಳೇಗಾಲದಲ್ಲಿದ್ದು ದಿನಾ ಬಸ್ಸಿನಲ್ಲಿ ಕಾಮಗೆರೆ ದಾಟಿ ಹನೂರು ಕಡೆಯ ಶಾಲೆಗೆ ಹೋಗುವವಳು. ಅವನು ಹೆಂಡತಿಯ ಊರಾದ ಯಳಂದೂರಿನಲ್ಲಿ ನೆಲೆ ನಿಂತವನು. ಮೊದಲು ವಿಮಾ ಏಜೆಂಟು. ಆಗಲೂ ಲೈಸೆನ್ಸಿಗೆ ಮೂರು ವರ್ಷದ ಅವಧಿ ಇತ್ತು. ನವೀಕರಿಸಬೇಕಾದರೆ 25 ಗಂಟೆಯ ತರಬೇತಿಗೆ ಕೂರಬೇಕಿತ್ತು. ಆಮೇಲೆ ಮ್ಯೂಚುವಲ್ ಫಂಡಿನ ಕಡೆ ತಿರುಗಿದ. ಫಂಡು ಮಾರಬೇಕೆನ್ನುವವರು ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆ ಪಾಸು ಮಾಡಬೇಕು. ಕಂಪ್ಯೂಟರಿನ ಮುಂದೆ ಎರಡು ಗಂಟೆ, 100 ಪ್ರಶ್ನೆ, 50 ಬಂದರೆ ಪಾಸು. ಆಮೇಲೆ ಆಂಫಿಯವರು ಒಂದು ನೋಂದಣಿ ಸಂಖ್ಯೆ ಕೊಡುತ್ತಾರೆ. ಸರ್ಟಿಫಿಕೇಟಿನ ಆಯುಸ್ಸು ಮೂರು ವರ್ಷ. ಅದು ಮುಗಿಯುವುದರೊಳಗೆ ಒಂದು ದಿನದ ಮುಂದುವರಿಕೆ ಶಿಕ್ಷಣದ ತರಗತಿಗೆ ಕೂರಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು. ತಾರೀಖು ದಾಟಿತೋ, ತರಗತಿಯ ಬಾಗಿಲು ಮುಚ್ಚಿತು, ಪರೀಕ್ಷೆಯೊಂದೇ ದಾರಿ.

"ನಾನು ದಿವಾನ್ ಪೂರ್ಣಯ್ಯನ ಊರಿನವನು, ಲೆಕ್ಕ ನನ್ನ ಕೈ ಬೆರಳಲ್ಲದೆ" ಎಂದು ಪುಟ್ಟ ಜಂಭ ಕೊಚ್ಚುವುದಿತ್ತು. ಯಳಂದೂರು 1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು, ಆ ಮಾತು ನಿಜ. ಆದರೆ ಹೈದರನ ಕಾಲ, ಟಿಪ್ಪುವಿನ ಕಾಲ, ಆಮೇಲೆ ಮುಮ್ಮಡಿ ಕೃಷ್ಣರಾಜರ ಕಾಲ, ಮೂರನ್ನೂ ಕಂಡ ಆ ಮನುಷ್ಯ ಮೊದಲನೆಯ ಕಾಲದ ಲೆಕ್ಕವನ್ನೇ ಹಿಡಿದು ಕೂತಿದ್ದರೆ ಜಹಗೀರು ಬರುತ್ತಿತ್ತೇ ಎಂಬುದನ್ನು ನನ್ನ ತಮ್ಮ ಯೋಚಿಸಿರಲಿಲ್ಲ. ಸಮಾಜ ವಿಜ್ಞಾನ ಪಾಠ ಮಾಡುವ ನಾನೂ ಯೋಚಿಸಿರಲಿಲ್ಲ.

ನನಗೂ ಹಣದ ವ್ಯವಹಾರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ತರಬೇತಿಗಳ ಬಗ್ಗೆ ಕೇಳಿದರಂತೂ ಮೈ ಉರಿಯುತ್ತಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದು, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಎಂದಿತು. ಕೊರೋನಾ ಕಾಲದಲ್ಲಿ ತರಬೇತಿಯೆಲ್ಲ ಮೊಬೈಲಿಗೆ ಬಂತು. ತರಬೇತಿಯ ಹೆಸರು ‘ನಿಷ್ಠಾ’, ಅದು ಬರುವ ವೇದಿಕೆಯ ಹೆಸರು ‘ದೀಕ್ಷಾ’. ಎಷ್ಟು ದೊಡ್ಡ ಹೆಸರುಗಳು ನೋಡಿ! ಆ ನಿಷ್ಠೆ ಮತ್ತು ದೀಕ್ಷೆಯ ಮುಂದೆ ಕೂತು ನಾನು ಮಾಡಿದ್ದೇನು? ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅವರೆಕಾಯಿ ಸುಲಿದೆ. ವಿಡಿಯೋ ತನ್ನ ಪಾಡಿಗೆ ಮಾತಾಡುತ್ತಿತ್ತು. ಕೊನೆಯ ಪ್ರಶ್ನೆಗಳಿಗೆ ಉತ್ತರ ನಮ್ಮ ವಾಟ್ಸಾಪ್ ಗುಂಪಿನಲ್ಲೇ ಸಿಗುತ್ತಿತ್ತು. ಹಿತಕಿದ ಬೇಳೆ ಸಾರೂ ಆಯಿತು, ಸರ್ಟಿಫಿಕೇಟೂ ಆಯಿತು.

ಪುಟ್ಟನೂ ನನ್ನ ತಮ್ಮನೇ ತಾನೇ. ಎರಡು ಸಲ ತರಗತಿಗೆ ಹೋಗಿ ಅವಧಿ ಮುಂದುವರಿಸಿಕೊಂಡಿದ್ದ. ಹೇಗಿತ್ತೋ ಎಂದು ಕೇಳಿದರೆ, "ಪಾಠ ಮಾಡೋರು ಮಾಡ್ತಿದ್ರು, ನಾನು ಹಿಂದ್ಗಡೆ ಕೂತು ಮೊಬೈಲ್ ನೋಡ್ತಿದ್ದೆ" ಎಂದಿದ್ದ. ನಾನು ಬೈಯಲಿಲ್ಲ. ಯಾವ ಬಾಯಲ್ಲಿ ಬೈಯಲಿ?

ಮೂರನೆಯ ಗಡುವು 2023ರ ಡಿಸೆಂಬರ್. ವರ್ಷದುದ್ದಕ್ಕೂ "ಇನ್ನೂ ದಿನ ಅದೆ" ಎಂದುಕೊಂಡೇ ಬಂದ. ಅಕ್ಟೋಬರಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೈಸೂರಿನ ಆಸ್ಪತ್ರೆ, ಆಪರೇಷನ್ನು, ರಾತ್ರಿ ಕಾವಲು. ನನಗೆ ರಜೆ ಕಡಿಮೆ, ಆದ್ದರಿಂದ ಭಾರವೆಲ್ಲ ಅವನ ಮೇಲೇ ಬಿತ್ತು. ಅಮ್ಮ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವ ಹೊತ್ತಿಗೆ ಜನವರಿ ಬಂದಿತ್ತು. ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತವನು ಕಾಫಿಯನ್ನೂ ಮುಟ್ಟಲಿಲ್ಲ.

"ಅಕ್ಕಾ, ಕೆಲ್ಸ ಕೆಟ್ಟೋಯ್ತು ಕಣಕ್ಕ. ಡೇಟು ದಾಟೋಗದೆ. ಕಮಿಷನ್ನು ನಿಂತೋಯ್ತು. ಈಗ ಪರೀಕ್ಷೆನೇ ಬರೀಬೇಕಂತೆ. ಈ ವಯಸ್ಸಲ್ಲಿ ಹುಡುಗರ ಜೊತೆ ಕೂತ್ಕೊಂಡು ಬರೀಲಾ?"

ಅವನಿಗೆ ಆಗ ನಲವತ್ತೊಂಬತ್ತು. ನನಗೆ ಅಯ್ಯೋ ಅನ್ನಿಸಿತು. ಆದರೂ ಬಾಯಿಂದ ಬಂದದ್ದು ಮೇಷ್ಟರಮ್ಮನ ಮಾತೇ: "ಪುಸ್ತಕ ತಂದಿದೀಯಾ?"

ಹೀಗೆ ನಮ್ಮ ರಾತ್ರಿ ಶಾಲೆ ಶುರುವಾಯಿತು. ಶನಿವಾರ ಭಾನುವಾರ ಅವನು ಬರುವುದು, ಅಮ್ಮ ಮಲಗಿದ ಮೇಲೆ ನಾನು ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು. ಅಪಾಯ ತೋರಿಸುವ ರಿಸ್ಕೋಮೀಟರಿನಲ್ಲಿ ಎಷ್ಟು ಹಂತ ಎಂದೆ. ಐದು ಎಂದ. ಪುಸ್ತಕದಲ್ಲಿ ಆರು; 2021ರ ಜನವರಿಯಿಂದ ಆರು. ಹೋಗಲಿ ಎಂದು ಮುಂದೆ ಹೋದೆ. ತೆರಿಗೆಯ ಅಧ್ಯಾಯ ಬಂತು. ಸಾಲಪತ್ರಗಳ ಫಂಡು, ಅಂದರೆ ಡೆಟ್ ಫಂಡಿನ ಲಾಭಕ್ಕೆ ತೆರಿಗೆ ಹೇಗೆ ಎಂದು ಕೇಳಿದೆ. ಅವನು ಕಣ್ಣು ಮುಚ್ಚಿಕೊಂಡು ಮಗ್ಗಿ ಒಪ್ಪಿಸುವ ಹಾಗೆ ಹೇಳಿದ: ಮೂರು ವರ್ಷ ಇಟ್ಟರೆ ಇಂಡೆಕ್ಸೇಷನ್ನು, ಬೆಲೆ ಏರಿದ ಲೆಕ್ಕ ಹಿಡಿದು, ಕೊಂಡ ಬೆಲೆಯನ್ನು ಏರಿಸಿಕೊಂಡು, ಉಳಿದ ಲಾಭಕ್ಕಷ್ಟೇ ಶೇ. 20 ತೆರಿಗೆ.

"ತಪ್ಪು" ಎಂದೆ. ಆ ಅನುಕೂಲ 2023ರ ಏಪ್ರಿಲ್ 1ರಿಂದ ಹಾಕುವ ಹಣಕ್ಕೆ ಇಲ್ಲ. ಎಷ್ಟು ವರ್ಷ ಇಟ್ಟರೂ ಲಾಭವನ್ನು ಆದಾಯಕ್ಕೆ ಸೇರಿಸಿ, ಅವರವರ ದರದಲ್ಲೇ ತೆರಿಗೆ.

ಅವನು ಕಣ್ಣು ಬಿಟ್ಟ. ಪುಸ್ತಕ ಕಿತ್ತುಕೊಂಡು ತಾನೇ ಓದಿದ. ಮತ್ತೊಮ್ಮೆ ಓದಿದ. ಮುಖ ಇಳಿದುಹೋಯಿತು.

"ಹನೂರು ಮೇಡಂ..." ಎಂದ.

ನನ್ನ ಎದೆ ಧಸಕ್ಕೆಂದಿತು. ಹನೂರು ಮೇಡಂ ಎಂದರೆ ನಮ್ಮ ಶಾಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದ ಹಿರಿಯರು. ಗಂಡ ಇಲ್ಲ. ನಿವೃತ್ತಿಯಲ್ಲಿ ಬಂದ ಹಣದಲ್ಲಿ ಆರು ಲಕ್ಷವನ್ನು 2023ರ ಜೂನಿನಲ್ಲಿ ಪುಟ್ಟನ ಕೈಯಿಂದ ಡೆಟ್ ಫಂಡಿಗೆ ಹಾಕಿಸಿದ್ದರು. "ಮೂರು ವರ್ಷ ಮುಟ್ಟಬೇಡಿ ಮೇಡಂ, ತೆರಿಗೆ ಹೆಚ್ಚುಕಡಿಮೆ ಬರೋದೇ ಇಲ್ಲ" ಎಂದು ಇವನು ಹೇಳಿದ್ದ. ಅವನನ್ನು ಅವರಿಗೆ ಪರಿಚಯ ಮಾಡಿಸಿದವಳು ನಾನು. "ನನ್ನ ತಮ್ಮ, ನಂಬಬಹುದು ಮೇಡಂ" ಎಂದು ಸ್ಟಾಫ್ ರೂಮಿನಲ್ಲಿ ನಿಂತು ಹೇಳಿದ್ದೆ.

ಪುಟ್ಟ ಸುಳ್ಳುಗಾರನಲ್ಲ. ಒಂದು ಕಾಲದಲ್ಲಿ ನಿಜವಾಗಿದ್ದದ್ದನ್ನೇ ಹೇಳಿದ್ದ. ಹೇಳುವ ದಿನ ಅದು ನಿಜವಾಗಿ ಉಳಿದಿರಲಿಲ್ಲ, ಅಷ್ಟೆ. ಆದರೆ ಕೇಳಿಸಿಕೊಂಡವರಿಗೆ ಎರಡೂ ಒಂದೇ ಅಲ್ಲವೇ?

"ಹೋಗಿ ಹೇಳು" ಎಂದೆ. "ಪರೀಕ್ಷೆ ಆಗ್ಲಿ ಅಕ್ಕ. ಪಾಸಾದ ಮೇಲೆ ಹೇಳ್ತೀನಿ." "ಇಲ್ಲ, ಮೊದಲು ಹೇಳು." ಅವನು ಬಹಳ ಹೊತ್ತು ಸುಮ್ಮನಿದ್ದ. "ಅವರು ಕೈ ಬಿಟ್ರೆ ಹನೂರಲ್ಲಿ ನನ್ನ ಯಾರೂ ನಂಬಲ್ಲ ಕಣಕ್ಕ. ಮಕ್ಕಳ ಫೀಸು ಕಟ್ಟೋದು ಅದ್ರಲ್ಲೇ." ಅದೂ ನಿಜವೇ. ಆ ರಾತ್ರಿ ಇಬ್ಬರಿಗೂ ನಿದ್ದೆ ಹತ್ತಲಿಲ್ಲ.

ನನಗೆ ತಾತನ ನೆನಪು ಬಂತು. ತಾತ ಕೊಳ್ಳೇಗಾಲದ ಒಂದು ರೇಷ್ಮೆ ಅಂಗಡಿಯಲ್ಲಿ ಗುಮಾಸ್ತ. ನಮ್ಮ ಊರು ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರಿನಲ್ಲಿ ಮೈಸೂರಿಗೆ ಸೇರಿತು. ಹೊಸ ರಾಜ್ಯ ಅರಗುವ ಮೊದಲೇ 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಎಂದು ಬಾಯಿಗೆ ಬಂದಿದ್ದ ಲೆಕ್ಕ ಹೋಗಿ ರೂಪಾಯಿಗೆ ನೂರಾಯಿತು. ಆಣೆಯೊಂದಕ್ಕೆ ಆರೂಕಾಲು ನಯಾಪೈಸೆ. ಆ ಕಾಲು ಪೈಸೆ ಯಾರ ಪಾಲಿಗೆ ಎಂದು ಮಗ್ಗದವರ ಜೊತೆ ದಿನಾ ತಕರಾರು. ತಾತ ರಾತ್ರಿ ಲಾಂದ್ರದ ಬೆಳಕಿನಲ್ಲಿ ಕೂತು, ಒಂದಾಣೆಯಿಂದ ಹದಿನಾರಾಣೆಯವರೆಗೆ ಪಟ್ಟಿ ಬರೆದು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದ್ದರಂತೆ. ಅವರಿಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ, ಗಡುವು ಹಾಕಲಿಲ್ಲ. ಎದುರಿಗೆ ಸೀರೆ ಹಿಡಿದು ನಿಂತ ನೇಕಾರನೇ ಅವರ ಗಡುವು.

ಮುಂದಿನ ಭಾನುವಾರ ಇಬ್ಬರೂ ಹನೂರಿನ ಬಸ್ಸು ಹತ್ತಿದೆವು. ಮಹದೇಶ್ವರ ಬೆಟ್ಟಕ್ಕೆ ಹೊರಟ ಪರಿಷೆಯವರಿಂದ ಬಸ್ಸು ತುಂಬಿತ್ತು. ಅವರೆಲ್ಲ ಹರಕೆ ತೀರಿಸಲು ಹೊರಟಿದ್ದರು. ನಾವೂ ಒಂದು ರೀತಿಯಲ್ಲಿ ಅದಕ್ಕೇ ಹೊರಟಿದ್ದೆವು.

ಮೇಡಂ ಅಕ್ಕಿ ಆರಿಸುತ್ತಾ ಕೂತಿದ್ದರು. ಪುಟ್ಟ ಮೊರದ ಮುಂದೆಯೇ ನೆಲದ ಮೇಲೆ ಕೂತು ಎಲ್ಲ ಹೇಳಿದ. ನಿಯಮ ಬದಲಾಗಿದ್ದು, ತಾನು ನೋಡದೇ ಇದ್ದದ್ದು, ಸರ್ಟಿಫಿಕೇಟಿನ ಅವಧಿ ಮುಗಿದದ್ದು, ಒಂದನ್ನೂ ಬಿಡಲಿಲ್ಲ. ಮೇಡಂ ಆರಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಕೇಳಿದರು: "ಈ ದುಡ್ಡಿನಿಂದ ನಿನಗೆಷ್ಟು ಬರ್ತದಪ್ಪ?" ಅವನು ಅಂಕಿ ಹೇಳಿದ. ಏಜೆಂಟರಿಲ್ಲದೆ ನೇರವಾಗಿ ಹಾಕಿದರೆ ಆ ಖರ್ಚು ಉಳಿಯುತ್ತದೆ, 2013ರಿಂದ ಆ ದಾರಿಯೂ ಇದೆ ಎಂಬುದನ್ನು ಅವರು ಕೇಳದೆಯೇ ಹೇಳಿದ. ನಾನು ಅವನ ಮುಖ ನೋಡಿದೆ. ಈ ಭಾಗವನ್ನು ನಾವು ಹಿಂದಿನ ರಾತ್ರಿ ಅಭ್ಯಾಸ ಮಾಡಿರಲಿಲ್ಲ.

"ಪರವಾಗಿಲ್ಲ ಬಿಡಿ" ಎಂದು ಅವರು ಹೇಳುತ್ತಾರೆಂದು ನಾನು ಒಳಗೊಳಗೇ ಕಾದಿದ್ದೆ. ಅವರು ಹೇಳಲಿಲ್ಲ. ಒಂದು ನೋಟ್‌ಬುಕ್ಕು ತಂದು, "ಈಗ ಹೇಳಿದ್ದನ್ನೆಲ್ಲ ಬರೆದು, ತಾರೀಖು ಹಾಕಿ, ಸಹಿ ಮಾಡು" ಎಂದರು. ಮಾಡಿದ. ವಾರದ ಮೇಲೆ ಅರ್ಧ ಹಣ ತೆಗೆದು ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ ಹಾಕಿದರು. ಅಲ್ಲಿ ಆಗ ಶೇ. 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ ಕೈಗೆ. ಫಾರಂ ತುಂಬಿಸಿ, ಸಾಲಿನಲ್ಲಿ ನಿಂತವನು ಪುಟ್ಟನೇ. ಅದರಲ್ಲಿ ಅವನಿಗೆ ನಯಾಪೈಸೆ ಇರಲಿಲ್ಲ. ಉಳಿದರ್ಧವನ್ನು ಮೇಡಂ ಇದ್ದಲ್ಲೇ ಬಿಟ್ಟರು. ಯಾಕೆ ಬಿಟ್ಟಿರಿ ಎಂದು ಆಮೇಲೊಮ್ಮೆ ಕೇಳಿದೆ. "ಲೆಕ್ಕ ತಪ್ಪಿದ ಹುಡುಗನಿಗೆ ಸೊನ್ನೆ ಕೊಡ್ತಿದ್ದೆ. ತಾನಾಗಿ ಬಂದು ತಪ್ಪು ತೋರಿಸಿದವನಿಗೆ ಅರ್ಧ ಅಂಕ ಕೊಡ್ತಿದ್ದೆ. ಪೂರ್ತಿ ಯಾವತ್ತೂ ಕೊಟ್ಟಿಲ್ಲ" ಎಂದರು.

ಪುಟ್ಟ ಫೆಬ್ರವರಿಯಲ್ಲಿ ಮೈಸೂರಿಗೆ ಹೋಗಿ ಪರೀಕ್ಷೆ ಬರೆದ. 71 ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿ "ಅಂಕಲ್, ಆಲ್ ದಿ ಬೆಸ್ಟ್" ಅಂದಳಂತೆ. ಅದೇ ವರ್ಷ ಜುಲೈ 23ರ ಬಜೆಟ್ಟಿನಲ್ಲಿ ಷೇರು ಫಂಡುಗಳ ದೀರ್ಘಾವಧಿ ಲಾಭದ ತೆರಿಗೆ ಶೇ. 10 ಇದ್ದದ್ದು 12.5 ಆಯಿತು, ವಿನಾಯಿತಿಯ ಮಿತಿ ಒಂದು ಲಕ್ಷ ಇದ್ದದ್ದು ಒಂದೂಕಾಲು ಲಕ್ಷವಾಯಿತು. ಅಂದರೆ ಫೆಬ್ರವರಿಯಲ್ಲಿ ಓದಿ ಪಾಸಾದದ್ದು ಆರು ತಿಂಗಳೊಳಗೆ ಹಳೆಯದಾಯಿತು! ಅವನು ಅವತ್ತೇ ಸಂಜೆ ಕೂತು ತನ್ನ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿದ. ಚಾರ್ಟರ್ಡ್ ಅಕೌಂಟೆಂಟರಿಗೂ ಇದು ತಪ್ಪಿದ್ದಲ್ಲವಂತೆ. ವೃತ್ತಿ ನಡೆಸುವ, ಅರವತ್ತು ದಾಟದವರಿಗೆ 2023ರಿಂದ 2025ರ ಮೂರು ವರ್ಷಕ್ಕೆ 120 ಗಂಟೆಯ ಕಲಿಕೆ ನಿಗದಿಯಾಗಿತ್ತು. ಅದನ್ನು ಕೇಳಿ ಪುಟ್ಟನಿಗೆ ಎಷ್ಟೋ ಸಮಾಧಾನವಾಯಿತು.

ಇದೆಲ್ಲ ತಮ್ಮನ ಕಥೆ ಎಂದು ನೀವು ಅಂದುಕೊಂಡರೆ ನನಗೆ ಅನುಕೂಲವೇ. ಆದರೆ ಹನೂರಿನಿಂದ ಹಿಂದಿರುಗುವ ಬಸ್ಸಿನಲ್ಲಿ ನನ್ನನ್ನು ಕೊರೆದದ್ದು ಬೇರೆ. 2006ರಲ್ಲಿ ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ತೆಗೆದರು. ನಾನು ಅದಾದ ಮೇಲೂ ಎರಡು ವರ್ಷ ಒಂಬತ್ತು ಗ್ರಹ ಎಂದೇ ಪಾಠ ಮಾಡಿದೆ. ಒಬ್ಬ ಹುಡುಗ "ಎಂಟು ಅಂತೆ ಮಿಸ್, ಪೇಪರ್‌ನಲ್ಲಿ ಬಂದಿತ್ತು" ಎಂದಾಗ "ಕೂತ್ಕೊಳೋ, ಬುಕ್ಕಲ್ಲಿರೋದು ಓದು" ಎಂದು ಗದರಿದೆ. ಅವನು ಕೂತ. ಅವನ ಮನೆಗೆ ಬಸ್ಸು ಹತ್ತಿ ಹೋಗಿ, ಮೊರದ ಮುಂದೆ ಕೂತು, ನಾನು ಹೇಳಿದ್ದು ತಪ್ಪು ಎಂದು ಹೇಳಿದವಳಲ್ಲ ನಾನು. ನನ್ನ ಸರ್ಟಿಫಿಕೇಟಿನ ಮೇಲೆ ತಾರೀಖು ಇಲ್ಲವಲ್ಲ.

ಈಗ ತರಬೇತಿಯ ವಿಡಿಯೋ ಬಂದರೆ ಅವರೆಕಾಯಿಯನ್ನು ಅಮ್ಮನ ಮಡಿಲಿಗೆ ಹಾಕಿ, ನೋಟ್‌ಬುಕ್ಕು ಹಿಡಿದು ಕೂರುತ್ತೇನೆ. ಕೆಲವು ವಿಡಿಯೋಗಳು ಈಗಲೂ ಆಕಳಿಕೆ ತರಿಸುತ್ತವೆ, ಸುಳ್ಳು ಯಾಕೆ ಹೇಳಲಿ. ಐವತ್ತು ಗಂಟೆಯಲ್ಲಿ ನಾಲ್ಕೈದು ಗಂಟೆಯಷ್ಟು ಏನಾದರೂ ಸಿಗುತ್ತದೆ. ಅಮ್ಮ ಕಾಯಿ ಸುಲಿಯುತ್ತಾ, "ಇನ್ನೂ ಎಷ್ಟು ದಿನ ಓದ್ತೀಯೇ?" ಎನ್ನುತ್ತಾಳೆ. "ಪಾಠ ಮಾಡೋ ತನಕ ಕಣಮ್ಮ" ಎನ್ನುತ್ತೇನೆ.