ಆ ಮಕ್ಕಳೂ ಟಿ.ವಿ. ನೋಡುತ್ತಾರೆ

‘ಮಕ್ಕಳ ಕಾರ್ಯಕ್ರಮದಲ್ಲಿ ಇದೆಲ್ಲ ಯಾಕೆ?’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ಬಸ್ಟರ್ ಎಂಬ ಕಾರ್ಟೂನ್ ಮೊಲ. ಊರೂರು ಸುತ್ತಿ ನಿಜವಾದ ಮಕ್ಕಳನ್ನು ಭೇಟಿಯಾಗುವುದೇ ‘ಪೋಸ್ಟ್‌ಕಾರ್ಡ್ಸ್ ಫ್ರಂ ಬಸ್ಟರ್’ನಲ್ಲಿ ಅದರ ಕೆಲಸ. 2005ರ ಒಂದು ಕಂತಿನಲ್ಲಿ ಮೇಪಲ್ ಮರದ ರಸ ಕಾಯಿಸಿ ಸಿಹಿಪಾಕ ಮಾಡುವುದನ್ನು ನೋಡಲು ಅದು ವರ್ಮಾಂಟ್‌ಗೆ ಹೋಯಿತು. ಅಲ್ಲಿ ಸಿಕ್ಕ ಮಕ್ಕಳಿಗೆ ಇಬ್ಬರು ಅಮ್ಮಂದಿರು. ಅಷ್ಟೇ. ಶಿಕ್ಷಣ ಸಚಿವೆ ಮಾರ್ಗರೆಟ್ ಸ್ಪೆಲ್ಲಿಂಗ್ಸ್ ಪತ್ರ ಬರೆದು ಆಕ್ಷೇಪಿಸಿದರು, ಆ ಕಂತಿನ ಸರ್ಕಾರಿ ಹಣ ಹಿಂದಿರುಗಿಸುವುದನ್ನು ಯೋಚಿಸಿ ಎಂದರು. ಸಾರ್ವಜನಿಕ ಟಿ.ವಿ. ಜಾಲವಾದ ಪಿಬಿಎಸ್ ಕಂತನ್ನು ಹಂಚಲಿಲ್ಲ.

‘ಇದೆಲ್ಲ ಯಾಕೆ?’ ಎನ್ನುವ ಹೆತ್ತವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ ವರ್ಮಾಂಟಿನ ಮಕ್ಕಳು? ತಮ್ಮ ಮನೆ, ತಮ್ಮ ಅಮ್ಮಂದಿರು ಬೇರೆ ಮಕ್ಕಳು ನೋಡಬಾರದ್ದು ಎಂದು ದೊಡ್ಡವರು ತೀರ್ಮಾನಿಸಿದ್ದನ್ನು ಅವರಿಗೆ ಯಾರು, ಯಾವ ಮಾತಿನಲ್ಲಿ ಹೇಳಿದರೋ! ಈ ಸಂಕಟ ಆಕ್ಷೇಪದ ಲೆಕ್ಕಕ್ಕೆ ಬರುವುದೇ ಇಲ್ಲ.

2019ರಲ್ಲಿ, ಬಸ್ಟರ್ ಮೊದಲು ಕಾಣಿಸಿಕೊಂಡಿದ್ದ ‘ಆರ್ಥರ್’ ಸರಣಿಯಲ್ಲಿ, ರ‍್ಯಾಟ್‌ಬರ್ನ್ ಮೇಷ್ಟ್ರು ಇನ್ನೊಬ್ಬ ಗಂಡಸನ್ನು ಮದುವೆಯಾದರು. ಅಲಬಾಮಾದ ಸಾರ್ವಜನಿಕ ಟಿ.ವಿ. ಅದನ್ನು ತೋರಿಸಲಿಲ್ಲ. ಆ ಕಂತಿನಲ್ಲಿ ಮಕ್ಕಳಿಗೆ ಸಹಿಸಲಾಗದ್ದು ಒಂದೇ: ಮೇಷ್ಟ್ರು ಡಾನ್ಸ್ ಮಾಡಿದ್ದು.